ಕೋಕುಮ್ ತುಂಬಿಸಿಕೊಟ್ಟ ಡಬ್ಬಿ

ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ ಕೂಡಲೇ ನನಗೆ ಸಿಟ್ಟು ಬಂತು. ಒಳಗಿನಿಂದ ಹೊಸ ಹೊಗೆಯ ವಾಸನೆ ಹೊಡೆಯುತ್ತಿತ್ತು.

ಮೇಜಿನ ಆ ಕಡೆ ಕೂತಿದ್ದ ಪೊಲೀಸ್ ಕಾರ್ಪೊರಲ್ ವಿಟ್‌ಫೀಲ್ಡ್ ಏನಾಯಿತೆಂದು ಕೇಳಿದರು. ನಾನು ಡಬ್ಬಿ ಹಿಡಿದು ಕಿಟಕಿಯ ಬಳಿಗೆ ಹೋದೆ. ಹೊರಗೆ ನಮ್ಮ ಊರು ಗೂಸ್ ನ್ಯಾರೋಸಿನ ಮನೆಗಳ ಹೊಗೆಕೊಳವೆಗಳೆಲ್ಲ ನೆಟ್ಟಗೆ ಹೊಗೆ ಬಿಡುತ್ತಿದ್ದವು. ಗಾಳಿ ಇರಲಿಲ್ಲ, ಮೈ ಕೊರೆಯುವ ಚಳಿ. ನಾಳೆ ಬೆಳಗ್ಗೆ ವಿಮಾನ ಇಳಿಯುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಚಳಿಗಾಲದ ಬೇಟೆಗೆಂದು ಜೊತೆಯಾಗಿ ಹೋದ ಇಬ್ಬರಲ್ಲಿ ನಾರ್ಬರ್ಟ್ ಸೀವಾಪ್ ಒಬ್ಬನೇ ನಡೆದು ಬಂದಿದ್ದ. ಮೊಯೀಸ್ ಹಾಲ್ಕೆಟ್ ಕೆಟಲ್ ಸರೋವರದ ಎಳೆ ಮಂಜುಗಡ್ಡೆ ಒಡೆದು ಮುಳುಗಿದನೆಂದು ಹೇಳಿ, ಮೊಯೀಸನ ಈ ಡಬ್ಬಿಯನ್ನು ಅವನ ಹೆಂಡತಿಯ ಕೈಗೆ ಕೊಟ್ಟಿದ್ದ. ಹೆಣ ಸಿಕ್ಕಿರಲಿಲ್ಲ.

ಕಾರ್ಪೊರಲ್ಲು ಕೆಟ್ಟವರಲ್ಲ. ದಕ್ಷಿಣದಿಂದ ಬಂದ ಹುಡುಗಪ್ರಾಯದವರು, ಆದರೆ ಕಣ್ಣು ಚುರುಕು. ಕೊಲೆಯ ಅನುಮಾನ ಮೊದಲು ಬಂದದ್ದೂ ಅವರಿಗೇ. ನಾಳೆಯ ವಿಮಾನದಲ್ಲಿ ನಾರ್ಬರ್ಟನನ್ನು ಪಟ್ಟಣಕ್ಕೆ ಒಯ್ಯುವುದು ಎಂದು ನಿಶ್ಚಯವಾಗಿತ್ತು. ಅದಕ್ಕೆ ಮುಂಚೆ ಒಂದು ಸಲ ಈ ಡಬ್ಬಿಯನ್ನು ನೀವು ನೋಡಿ ಎಂದು ನನ್ನನ್ನು ಕರೆಸಿದ್ದರು.

ನಾನು ಎಲೈಝಾ ಲಿಂಕ್ಲೇಟರ್, ಈ ಊರಿನ ವಿಶೇಷ ಕಾನ್‌ಸ್ಟೇಬಲ್. ಸಮವಸ್ತ್ರ ಪೊಲೀಸಿನದು, ಬೈಗುಳ ಊರಿನದು. ನಾರ್ಬರ್ಟ್, ಮೊಯೀಸ್ ಇಬ್ಬರೂ ನನ್ನ ಜೊತೆ ಒಂದೇ ಒಲೆಯ ಮುಂದೆ ಬೆಳೆದವರು. ನಾನು ಒಡಹುಟ್ಟಿದ ಅಕ್ಕ ಅಲ್ಲ, ಮೂಗು ಒರೆಸಿದ ಅಕ್ಕ.

"ಇದನ್ನ ತುಂಬಿಸಿದವನು ಮೊಯೀಸ್ ಅಲ್ಲ" ಅಂದೆ.

"ಡಬ್ಬಿ ಅವನದ್ದೇ ಅಲ್ವಾ?"

"ಡಬ್ಬಿ ಅವನದ್ದು. ಒಳಗಿರೋದು ಅವನದ್ದಲ್ಲ. ನನಗೆ ಇವತ್ತು ಸಂಜೆವರೆಗೆ ಟೈಮ್ ಕೊಡಿ."

ಕಾರ್ಪೊರಲ್ಲು ನನ್ನ ಮುಖವನ್ನೇ ನೋಡಿದರು. ನಾರ್ಬರ್ಟ್ ನನಗೆ ತಮ್ಮನಾಗಬೇಕೆಂಬುದು ಅವರಿಗೆ ಗೊತ್ತಿತ್ತು. ಆದರೂ ಆಗಲಿ ಎಂದರು. ಸಂಜೆಯೊಳಗೆ ಏನಾದರೂ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಅವನ ಚೀಲ ಕಟ್ಟಿಡಲು ಹೇಳಿ ಎಂದರು.

ಹೊಗೆಸೊಪ್ಪಿನ ಆ ಚಪ್ಪಟೆ ಡಬ್ಬಿಯನ್ನು ಕೋಟಿನೊಳಗಿಟ್ಟುಕೊಂಡು ಹೊರಟೆ. ನನ್ನ ಎದೆಯ ಜೇಬಿನಲ್ಲಿ ಅದರದ್ದೇ ಜೊತೆಯ ಇನ್ನೊಂದು ಡಬ್ಬಿ ಇತ್ತು. ನಡೆಯುವಾಗ ಎರಡೂ ಒಂದಕ್ಕೊಂದು ತಾಗುತ್ತಿದ್ದವು.

ಕೋಕುಮ್ ಅಂದರೆ ಅಜ್ಜಿ. ನಮ್ಮ ಊರಿನಲ್ಲಿ ಕೋಕುಮ್‌ಗಳಿಗೆ ಬರವಿಲ್ಲ, ಆದರೆ ಬರಿಯ ಕೋಕುಮ್ ಎಂದರೆ ಆಂಜೆಲಿಕ್ ಒಬ್ಬಳೇ. ತಾಯಿ ಸತ್ತವರು, ತಂದೆ ಕುಡಿದವರು, ಯಾರಿಗೂ ಬೇಡವಾದವರು, ಎಲ್ಲ ಮಕ್ಕಳೂ ತಿರುಗಿ ತಿರುಗಿ ಕೊನೆಗೆ ಅವಳ ಮರದ ಮನೆಗೆ ಬಂದು ಬೀಳುತ್ತಿದ್ದೆವು. ಅವಳು ಯಾರನ್ನೂ ಮುದ್ದು ಮಾಡಿದವಳಲ್ಲ. ಬ್ಯಾನಕ್ ರೊಟ್ಟಿ ಮುರಿದು ಕೈಗಿಟ್ಟು, ತಿಂದು ಮುಗಿಸುವುದರೊಳಗೆ ಕೆಲಸ ಹಚ್ಚುತ್ತಿದ್ದಳು.

ಮೊಲದ ಉರುಳು ಒಡ್ಡುವುದು ನಮ್ಮಲ್ಲಿ ಅಜ್ಜಿಯರ ಮತ್ತು ಮಕ್ಕಳ ಕೆಲಸ. ಗಂಡಸರು ದೊಡ್ಡ ಪ್ರಾಣಿಗಳ ಹಿಂದೆ ಹೋಗಿ ಬರಿಗೈಯಲ್ಲಿ ಬಂದ ದಿನ ಮನೆ ನಡೆಯುತ್ತಿದ್ದದ್ದು ನಾವು ಹಿಡಿದ ಮೊಲದಿಂದ. ಅದನ್ನು ಅವರ ಮುಂದೆ ಹೇಳುವಂತಿರಲಿಲ್ಲ, ಅಷ್ಟೆ.

ಚಳಿಗಾಲದ ಮೊದಲು ಒಂದು ದಿನ ಡಬ್ಬಿ ತುಂಬಿಸುವ ದಿನ. ಕೋಕುಮ್ ಹಿತ್ತಾಳೆ ತಂತಿಯ ಸುರುಳಿಯನ್ನು ಸ್ಪ್ರೂಸ್ ಮರದ ಎಳೆ ತುದಿಗಳ ಜೊತೆ ಕುದಿಸುತ್ತಿದ್ದಳು. ಆಮೇಲೆ ಕೊಳೆತ ಕಟ್ಟಿಗೆಯ ಹೊಗೆಯ ಮೇಲೆ ನೇತುಹಾಕುತ್ತಿದ್ದಳು. ಹೊಳಪು ಹೋಗಿ, ಅಂಗಡಿಯ ಎಣ್ಣೆಯ ನಾತ ಹೋಗಿ, ತಂತಿ ಒಣ ಹುಲ್ಲಿನ ಬಣ್ಣಕ್ಕೆ ತಿರುಗಬೇಕು. ಆ ದಿನ ಮನೆಯೆಲ್ಲ ಕಾಡಿನ ವಾಸನೆ, ಕಣ್ಣಲ್ಲಿ ನೀರು. ಈಗಲೂ ಎಲ್ಲಿಯಾದರೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ.

ಆಮೇಲೆ ನಾವು ಮೂವರೂ ನೆಲದ ಮೇಲೆ ಸುತ್ತ ಕೂರಬೇಕು. ತಂತಿಯ ಒಂದು ತುದಿಗೆ ಸಣ್ಣ ಕಣ್ಣು ತಿರುವಿ, ಇನ್ನೊಂದು ತುದಿ ಅದರೊಳಗೆ ತೂರಿಸಿದರೆ ಉರುಳು ಆಯಿತು. ಮುಷ್ಟಿ ಹೋಗುವಷ್ಟು ಅಗಲ ಮೊಲಕ್ಕೆ, ಹೆಬ್ಬೆರಳು ತೋರುಬೆರಳು ಸೇರಿಸಿದಷ್ಟು ಅಳಿಲಿಗೆ. ಒಡ್ಡಿ ನೋಡಿ, ಸರಾಗವಾಗಿ ಜಾರುತ್ತದೆಯೇ ಪರೀಕ್ಷಿಸಿ, ಮತ್ತೆ ಎರಡು ಬೆರಳಿಗೆ ಸುತ್ತಿ ಬಿಲ್ಲೆಯ ಹಾಗೆ ಮಾಡಿ ಇಡಬೇಕು. ಫ್ಲಾನೆಲ್ ಬಟ್ಟೆಯ ತುಂಡಿನಲ್ಲಿ ಸುತ್ತಬೇಕು, ಇಲ್ಲದಿದ್ದರೆ ನಡೆಯುವಾಗ ಸದ್ದಾಗಿ ಕಾಡಿಗೆಲ್ಲ ಸುದ್ದಿಯಾಗುತ್ತದೆ. ಜೊತೆಗೆ ಮೇಣದಲ್ಲಿ ಅದ್ದಿದ ಬೆಂಕಿಕಡ್ಡಿ, ಬೂಚಿಗೆ ಚುಚ್ಚಿದ ಗಾಳ, ನರದ ದಾರ, ಸೂಜಿ. ಎಲ್ಲದರ ಮಧ್ಯೆ ಒಂದು ಗಿಡ್ಡ ಮೇಣದಬತ್ತಿ.

ಅಷ್ಟೂ ಅಂಗೈಯಗಲದ ಡಬ್ಬಿಯಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ನಮ್ಮ ಬುದ್ಧಿಗೆ ಮಂಜು ಹಿಡಿದಿದೆ ಎನ್ನುತ್ತಿದ್ದಳು. ಮೊಯೀಸನದು ಮೊದಲು ಮುಗಿಯುತ್ತಿತ್ತು. ನಾರ್ಬರ್ಟ್ ಪ್ರತಿ ಸಲ ಒಂದು ಮಿಠಾಯಿ ತುರುಕಲು ಹೋಗಿ ಮುಚ್ಚಳ ಮುಚ್ಚಲಾಗದೆ ಬೈಸಿಕೊಳ್ಳುತ್ತಿದ್ದ.

ಕೋಕುಮ್‌ಳ ಕಟ್ಟಳೆಗಳು ಕೆಲವಿದ್ದವು. ಡಬ್ಬಿ ಮೈಮೇಲೇ ಇರಬೇಕು, ಮಲಗಿದಾಗಲೂ. ಯಾರದಾದರೂ ಡಬ್ಬಿ ನಿಮ್ಮ ಕೈಗೆ ಬಂದರೆ ಖಾಲಿಯಾಗಿ ಹಿಂದಕ್ಕೆ ಕೊಡಬಾರದು, ಕೊಟ್ಟರೆ ಅದರ ಹಿಂದೆ ಹಸಿವೂ ಆ ಮನೆಗೆ ಹೋಗುತ್ತದೆ. ಮತ್ತು ಕಾಡಿನಲ್ಲಿ ಇಬ್ಬರು ಬೇರೆಯಾಗುವಾಗ ಇರುವ ಡಬ್ಬಿಯನ್ನು ಎರಡು ಪಾಲು ಮಾಡಬೇಕು. ಉಳಿಯುವವನಿಗೆ ಡಬ್ಬಿ, ಹೋಗುವವನಿಗೆ ಬಟ್ಟೆಯ ಗಂಟು.

ಒಮ್ಮೆ ನಾನೂ ಅವಳೂ ಒಂದು ತೊರೆಯ ಹತ್ತಿರ ಬೇರೆಯಾದೆವು. ಅವಳು ಆ ದಡದ ಉರುಳುಗಳನ್ನು ನೋಡಿ ಬರಬೇಕಿತ್ತು, ಅಷ್ಟೆ. ಚಹಾ ಕುದಿಯುವುದರೊಳಗೆ ಬರುತ್ತಿದ್ದಳು. ಆದರೂ ಕೂತು, ಚಾಕು ಬಿಸಿ ಮಾಡಿ, ಮೇಣದಬತ್ತಿಯನ್ನು ನಡುವೆ ಕೊಯ್ದು ಅರ್ಧ ನನಗಿಟ್ಟಳು. ನಾನು ನಕ್ಕೆ. ಅವಳು ನಗಲಿಲ್ಲ. ಅವಳು ತೊರೆ ದಾಟಿ ಹೋಗುವುದನ್ನು ನೋಡುತ್ತ ನಾನು ಆ ಡಬ್ಬಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೋ, ಇವತ್ತಿಗೂ ಅಂಗೈಯಲ್ಲಿ ಅದರ ಅಂಚಿನ ನೆನಪಿದೆ.

ಅವಳು ಹೋಗಿ ಎಷ್ಟೋ ವರ್ಷವಾಯಿತು. ಅವಳ ಮನೆಯೂ ಇಲ್ಲ. ಉಳಿದಿರುವುದು ಮೂರು ಡಬ್ಬಿ, ಅವುಗಳಲ್ಲಿ ಒಂದು ನನ್ನ ತಮ್ಮನನ್ನು ಜೈಲಿಗೆ ಕಳಿಸುವ ಹಾಗೆ ಕಾಣುತ್ತಿತ್ತು.

ಯಾಕೆಂದರೆ ನಾರ್ಬರ್ಟ್ ಹೇಳಿದ ಕತೆ ಹೀಗಿತ್ತು: ಮಂಜುಗಡ್ಡೆಯ ಮೇಲೆ ಇಳಿಯುವ ಮುಂಚೆ ಮೊಯೀಸ್ ಡಬ್ಬಿಯನ್ನು ತೆಗೆದು ಅವನ ಕೈಗೆ ಕೊಟ್ಟನಂತೆ. ಕಾರ್ಪೊರಲ್ಲಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನನಗೆ ಕಂಡಿತ್ತು. ಎಳೆ ಮಂಜುಗಡ್ಡೆಗೆ ಇಳಿಯುವಾಗ ಡಬ್ಬಿಯನ್ನು ಮೈಮೇಲಿಂದ ತೆಗೆದಿಡುವ ಕೋಕುಮ್‌ಳ ಮಗು ಹುಟ್ಟಿಲ್ಲ.

ಈಗ ಇನ್ನೂ ಎರಡು ಅನುಮಾನ ಸೇರಿದ್ದವು. ತಂತಿಯ ಹೊಗೆ ಹೊಸದು. ಮೈಬೆವರಿನಲ್ಲಿ ತಿರುಗಾಡಿದ ತಂತಿಗೆ ಆ ವಾಸನೆ ಉಳಿಯುವುದಿಲ್ಲ. ಮೇಣದಬತ್ತಿ ಬಿಳಿಯದು, ಅಂಗಡಿಯದು. ಮೊಯೀಸ್ ಜೀವಮಾನದಲ್ಲಿ ಅಂಗಡಿಯ ಮೇಣದಬತ್ತಿ ಇಟ್ಟವನಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಳದಿ ಮೇಣದ ತುಂಡುಗಳನ್ನು ಎತ್ತಿಕೊಂಡು ಬರುತ್ತಿದ್ದ. ಪಾದ್ರಿಗಳು ಬೈದರೆ, ದೇವರು ಅರ್ಧ ಸುಟ್ಟ, ಉಳಿದರ್ಧ ನನಗೆ ಬಿಟ್ಟ ಎನ್ನುತ್ತಿದ್ದ.

ನಾರ್ಬರ್ಟನ ಮನೆಗೆ ನುಗ್ಗಿದಾಗ ಅವನು ಒಲೆಯ ಮುಂದೆ ಕೂತು ಹಿಮದ ಬೂಟಿನ ಪಟ್ಟಿ ಹೆಣೆಯುತ್ತಿದ್ದ. ನಾಳೆ ವಿಮಾನ ಹತ್ತಬೇಕಾದವನ ಹೆಣಿಗೆ ಎಲ್ಲೂ ತಪ್ಪುತ್ತಿರಲಿಲ್ಲ. ಮುಖ ಮಾತ್ರ ಸೊರಗಿತ್ತು.

"ಬಾರಕ್ಕಾ. ಬೇಡಿ ತಂದಿದೀಯಾ, ರೊಟ್ಟಿ ತಂದಿದೀಯಾ?"

"ಬೇಡಿ ನಿನ್ನ ಕೈಗೆ ದೊಡ್ಡದಾಗುತ್ತೆ. ಒಂದು ಡಬ್ಬಿ ತಂದಿದೀನಿ" ಎಂದು, ಮನೆಯಿಂದ ತಂದಿದ್ದ ಖಾಲಿ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟೆ. ನನ್ನ ಹಳೆಯದಕ್ಕೆ ತುಕ್ಕು ಹಿಡಿದಿದೆ, ಹೊಸದೊಂದು ತುಂಬಿಸಿಕೊಡು, ನಾಳೆಯಿಂದ ನೀನು ಸಿಗುವುದಿಲ್ಲ ಎಂದೆ.

ಅವನಿಗೆ ನಗು ಬಂತು. ಸರ್ಕಾರಿ ಸಂಬಳದವಳಿಗೆ ಅಳಿಲು ಹಿಡಿಯುವ ಗತಿ ಬಂತೇ ಎಂದ. ಆದರೂ ಎದ್ದ. ಕೋಕುಮ್‌ಳ ಹೆಸರು ಹೇಳದೆಯೇ ಅವಳು ನಮ್ಮಿಬ್ಬರ ಮಧ್ಯೆ ಬಂದು ಕೂತಿದ್ದಳು.

ಮೊಳೆಗೆ ನೇತುಹಾಕಿದ್ದ ಅವನ ಕೋಟನ್ನು ಸರಿಸಿ ನಾನು ಕುರ್ಚಿ ಎಳೆದುಕೊಂಡೆ. ಕೋಟಿನ ಒಳ ಅಸ್ತರಿಯ ಹೊಲಿಗೆ ಉದ್ದಕ್ಕೂ ಬಿಚ್ಚಿ ಜೋತಾಡುತ್ತಿತ್ತು. ಅವನು ಕಾಡಿನಿಂದ ಬಂದ ದಿನವೇ ಮೊಯೀಸನ ಹೆಂಡತಿ ಅಡೆಲ್ ಆ ಕೋಟನ್ನು ಹೊಲಿದುಕೊಟ್ಟದ್ದು ನನಗೆ ಗೊತ್ತಿತ್ತು.

"ಅಡೆಲ್ ಹೊಲಿಗೆ ಇಷ್ಟು ಬೇಗ ಬಿಟ್ಕೊಳ್ತಾ?"

"ನಾಯಿ ಎಳೀತು" ಎಂದ. ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಅವನು ಗೂಡಿನಿಂದ ಹೊಗೆ ಹಿಡಿಸಿದ ತಂತಿ ತೆಗೆದ. ಕಣ್ಣು ತಿರುವಿದ, ತುದಿ ತೂರಿಸಿದ, ಮುಷ್ಟಿ ಹಾಕಿ ನೋಡಿದ. ಎರಡು ಬೆರಳಿಗೆ ಸುತ್ತಿ ಬಿಲ್ಲೆ ಮಾಡಿದ. ನನಗೆ ಕೈ ಸುಮ್ಮನಿರಲಾಗಲಿಲ್ಲ. ನಾನೂ ಒಂದು ತಂತಿ ತೆಗೆದುಕೊಂಡೆ. ಇಬ್ಬರೂ ಎಷ್ಟೋ ಹೊತ್ತು ಉರುಳು ಮಾಡುತ್ತ ಕೂತೆವು. ಅವನದು ನನ್ನದಕ್ಕಿಂತ ಸರಾಗವಾಗಿ ಜಾರುತ್ತಿತ್ತು. ಮೊದಲೂ ಹಾಗೆಯೇ ಇತ್ತು. ಒಂದು ಗಳಿಗೆ ನಾನು ಯಾಕೆ ಬಂದಿದ್ದೇನೆಂಬುದೇ ಮರೆತಂತಾಯಿತು, ಸುಖವಾಗಿತ್ತು.

ಆಮೇಲೆ ಅವನು ತಂತಿ ಸುತ್ತಲು ಬಟ್ಟೆ ಬೇಕೆಂದು ಒಲೆಯ ಹಿಂದಿನ ಹಗ್ಗದಿಂದ ಕೆಂಪು ಕಪ್ಪು ಚೌಕಳಿಯ ಹಳೆ ಅಂಗಿಯೊಂದನ್ನು ಎಳೆದ. ಅದರ ಅಂಚಿನಲ್ಲಿ ಆಗಲೇ ಒಂದು ತುಂಡು ಕತ್ತರಿಸಿತ್ತು. ಅದರ ಪಕ್ಕದಲ್ಲೇ ಇನ್ನೊಂದು ತುಂಡು ಹರಿದ. ಗೂಡಿನಿಂದ ಬಿಳಿ ಮೇಣದಬತ್ತಿ ತೆಗೆದು ಗಿಡ್ಡ ಮಾಡಿದ.

ನಾನು ಕೋಟಿನಿಂದ ಮೊಯೀಸನ ಡಬ್ಬಿ ತೆಗೆದು, ಮುಚ್ಚಳ ತೆರೆದು, ಅದರ ಪಕ್ಕಕ್ಕಿಟ್ಟೆ. ಕೆಂಪು ಕಪ್ಪು ಚೌಕಳಿ. ಬಿಳಿ ಮೇಣ. ಎರಡನ್ನೂ ಒಬ್ಬನೇ ಕೂತು ತುಂಬಿಸಿದ್ದೆಂದು ಹೇಳಲು ಕನ್ನಡಕವೂ ಬೇಕಿರಲಿಲ್ಲ.

ನಾರ್ಬರ್ಟ್ ಚಾಕು ಕೆಳಗಿಟ್ಟ.

"ಇದು ನಿನ್ನ ಅಂಗಿ ಕಣೋ" ಅಂದೆ. "ನೀನು ಊರಿಗೆ ಬಂದ ಮೇಲೆ ಕೂತ್ಕೊಂಡು ತುಂಬಿಸಿದೀಯ. ಯಾಕೆ?"

ಅವನ ಉತ್ತರ ನನ್ನ ಎದೆಗೇ ನಾಟಿತು.

"ಖಾಲಿ ಡಬ್ಬಿ ಹ್ಯಾಗಕ್ಕಾ ಅಡೆಲ್ ಕೈಗೆ ಕೊಡೋದು?"

ಬೇರೆ ಊರಿನವನಾಗಿದ್ದರೆ ಖಾಲಿ ಡಬ್ಬಿಯನ್ನೇ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ. ಯಾರೂ ಒಂದು ಪ್ರಶ್ನೆ ಕೇಳುತ್ತಿರಲಿಲ್ಲ. ಇವನು ಸುಳ್ಳು ಹೇಳಲು ಹೊರಟವನು, ಸುಳ್ಳಿನ ನಡುವೆ ಅಜ್ಜಿಯ ಕಟ್ಟಳೆ ಪಾಲಿಸಲು ಹೋಗಿ ಸಿಕ್ಕಿಬಿದ್ದಿದ್ದ. ಅವನನ್ನು ಬಯ್ಯಬೇಕೋ ತಬ್ಬಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ಒಳಗಿದ್ದದ್ದೆಲ್ಲ ಏನಾಯಿತೆಂದು ಕೇಳಿದೆ. ನಿಧಾನವಾಗಿ ಹೇಳಿದ. ದಾರಿಯಲ್ಲಿ ತಾನೇ ಬಳಸಿದನಂತೆ. ಕೆಟಲ್ ಸರೋವರದಿಂದ ಊರಿನವರೆಗೆ ಅವನ ಹೊಟ್ಟೆ ತುಂಬಿಸಿದ್ದು ಮೊಯೀಸನ ಉರುಳುಗಳು. ಹಿಮ ಸುರಿಯುವಾಗ ತಂತಿಗಳನ್ನು ಹುಡುಕಿ ಎತ್ತಿಕೊಳ್ಳಲಾಗದೆ ಒಂದೊಂದಾಗಿ ಹೋದವಂತೆ.

"ನಿನ್ನ ಡಬ್ಬಿ ಎಲ್ಲಿತ್ತು?"

ಅವನು ತಲೆ ತಗ್ಗಿಸಿದ. ಅಂಗಿಯ ಜೇಬಿನಿಂದ ತನ್ನ ಡಬ್ಬಿ ತೆಗೆದು ಮುಚ್ಚಳ ತೆರೆದು ತೋರಿಸಿದ. ತುಂಬ ಹೊಗೆಸೊಪ್ಪು. ಎಷ್ಟೋ ವರ್ಷದಿಂದ ಹಾಗೆಯೇ ಇದೆಯಂತೆ. ಕೊಲೆಯ ಅನುಮಾನಕ್ಕೆ ನಾಚದವನು ಅದಕ್ಕೆ ನಾಚಿದ.

"ಕೋಕುಮ್ ಇದ್ದಿದ್ರೆ ಇದೇ ಡಬ್ಬೀಲಿ ಹೊಡೀತಿದ್ಲು" ಅಂದೆ.

"ಹೊಡೀಲಿ ಅಂತಾನೇ ಕಾಯ್ತಿದೀನಿ."

ಈಗ ಕೇಳಬೇಕಾದದ್ದು ಒಂದೇ ಇತ್ತು. ಮೊಯೀಸನ ಡಬ್ಬಿ ಅವನ ಕೈಗೆ ಬಂದದ್ದು ಹೇಗೆ. ಮಂಜುಗಡ್ಡೆಗೆ ಇಳಿಯುವ ಮುಂಚೆ ಕೊಟ್ಟ ಎನ್ನುವ ಕತೆ ಕಾರ್ಪೊರಲ್ಲಿಗೆ ಹೇಳು, ನನಗೆ ಹೇಳಬೇಡ ಎಂದೆ.

ಅವನು ಎದ್ದು ಗೂಡಿನ ಮೂಲೆಯ ಕೋಕೋ ಡಬ್ಬಿಯೊಳಗೆ ಕೈ ಹಾಕಿ ಏನನ್ನೋ ತೆಗೆದ. ನನ್ನ ಅಂಗೈಯಲ್ಲಿಟ್ಟ. ಹಳದಿ ಮೇಣದಬತ್ತಿಯ ತುಂಡು, ಚರ್ಚಿನದು. ಒಂದು ತುದಿ ಉರಿದದ್ದು, ಇನ್ನೊಂದು ತುದಿಯನ್ನು ಬಿಸಿ ಚಾಕುವಿನಿಂದ ಸಮವಾಗಿ ಕೊಯ್ದದ್ದು. ಕೊಯ್ದ ಮುಖದ ಮೇಲೆ ಕೂದಲೆಳೆಯಂಥ ಒಂದು ಏಣು ಎದ್ದಿತ್ತು. ಮೊಯೀಸನ ಚಾಕುವಿನ ಅಲಗು ಒಂದು ಕಡೆ ಮುಕ್ಕಾಗಿದ್ದದ್ದು ನನಗೆ ಗೊತ್ತು, ಮುಕ್ಕು ಮಾಡಿದವಳೂ ನಾನೇ, ಟಿನ್ನು ತೆರೆಯಲು ಹೋಗಿ.

"ಅರ್ಧ ಇತ್ತಕ್ಕಾ" ಎಂದ. "ಎಲ್ಲಾನೂ ಅರ್ಧರ್ಧ ಇತ್ತು. ತಂತಿ, ಕಡ್ಡಿ, ಗಾಳ. ಬೆಳಗ್ಗೆ ಎದ್ದಾಗ ಡಬ್ಬಿ ನನ್ನ ತಲೆ ಹತ್ರ ಇತ್ತು. ಅವನು ಇರಲಿಲ್ಲ."

ಉಳಿದದ್ದನ್ನು ಅವನು ಒಲೆಯ ಕಡೆ ನೋಡುತ್ತ ಹೇಳಿದ. ಹಿಂದಿನ ದಿನ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತಂತೆ. ಮೊಯೀಸ್ ಊರಿಗೆ ಬರುವ ಮನಸ್ಸಿಲ್ಲ ಎಂದನಂತೆ. ಮನೆ, ಮದುವೆ, ಭಾನುವಾರದ ಪೂಜೆ ಯಾವುದೂ ಬೇಡ, ಉತ್ತರಕ್ಕೆ ಹೋಗುತ್ತೇನೆ ಎಂದನಂತೆ. ಇವನು ಹುಚ್ಚ ಎಂದು ಬಯ್ದು ಮಲಗಿದ. ಬೆಳಗ್ಗೆ ಹೆಜ್ಜೆಗುರುತು ಸರೋವರದ ದಂಡೆಯವರೆಗೆ ಇತ್ತು, ಆಮೇಲೆ ಗಾಳಿ ಗುಡಿಸಿಬಿಟ್ಟಿತ್ತು.

"ಮತ್ತೆ ಮುಳುಗಿದ ಅಂತ ಯಾಕೋ ಹೇಳಿದೆ?"

"ಬಿಟ್ಟು ಹೋದ ಅಂತ ಅಡೆಲ್‌ಗೆ ಹೇಳೋದಾ? ಸತ್ತ ಅಂದ್ರೆ ಒಂದಿನ ಅತ್ತು ಸುಮ್ನಾಗ್ತಾಳೆ. ಬಿಟ್ಟು ಹೋದ ಅಂದ್ರೆ ದಿನಾ ಬಾಗಿಲು ನೋಡ್ತಾಳೆ."

ನಾನು ಅತ್ತೆ. ಪೊಲೀಸ್ ಕೆಲಸದಲ್ಲಿ ಅಳಬಾರದು ಅಂತಾರೆ, ಹೇಳುವವರು ನಮ್ಮ ಮನೆಯಲ್ಲಿ ಬೆಳೆದವರಲ್ಲ. ಮೊಯೀಸ್ ಸತ್ತಿಲ್ಲ. ಬಿಟ್ಟು ಹೋಗುವ ಕೆಟ್ಟ ಗಳಿಗೆಯಲ್ಲೂ ಕೂತು, ಚಾಕು ಬಿಸಿ ಮಾಡಿ, ಮಲಗಿದ್ದ ತಮ್ಮನಿಗೆ ಪಾಲು ಎತ್ತಿಟ್ಟು ಹೋಗಿದ್ದಾನೆ. ಕೋಕುಮ್ ಬದುಕಿದ್ದರೆ ಅವನ ಕಿವಿ ಹಿಂಡುತ್ತಿದ್ದಳು, ಆದರೆ ಈ ಒಂದಕ್ಕೆ ಹೆಮ್ಮೆ ಪಡುತ್ತಿದ್ದಳು ಎನಿಸಿತು.

ಆ ತುಂಡನ್ನು ಕೈಗವಸಿನೊಳಗೆ ಇಟ್ಟುಕೊಂಡು ಹೊರಟೆ. ಕಾರ್ಪೊರಲ್ಲಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. ನಾಳೆಯ ವಿಮಾನ ನಾರ್ಬರ್ಟನನ್ನು ಹತ್ತಿಸಿಕೊಳ್ಳುವ ಬದಲು ಉತ್ತರದ ಕಡೆ ಹಾರಲಿ, ಹೊಗೆ ಎಲ್ಲಿದೆ ನೋಡಲಿ. ಅರ್ಧ ಡಬ್ಬಿಯಲ್ಲಿ ಮೊಯೀಸ್ ಚಳಿಗಾಲ ಪೂರ್ತಿ ಬದುಕಬಲ್ಲ.

ಆದರೆ ಅದಕ್ಕೂ ಮೊದಲು ಅಡೆಲ್‌ಗೆ ಹೇಳಬೇಕು ಎನಿಸಿತು. ಪೊಲೀಸಿನವಳಾಗಿ ಹಾಗೆ ಮಾಡಬಾರದಿತ್ತು. ಅಕ್ಕನಾಗಿ ಮಾಡದೆ ಇರಲಾಗಲಿಲ್ಲ.

ಅಡೆಲ್ ಮೇಜಿನ ಬಳಿ ಹಿಟ್ಟು ಕಲೆಸುತ್ತಿದ್ದಳು. ಅವಳು ಸಣ್ಣ ದನಿಯ ಹೆಂಗಸು, ಗಂಡ ಹೋದ ಸುದ್ದಿ ಬಂದಾಗಿನಿಂದ ಅದೂ ಕಡಿಮೆಯಾಗಿತ್ತು. ನನ್ನನ್ನು ಕಂಡು ಕೈ ಒರೆಸಿಕೊಂಡು ಚಹಾ ಬಗ್ಗಿಸಿದಳು. ಹೊತ್ತು ಇಳಿಯುತ್ತಿತ್ತು, ಮನೆಯೊಳಗೆ ಮಬ್ಬು ಕವಿಯತೊಡಗಿತ್ತು.

ಮಾತನ್ನು ಎಲ್ಲಿಂದ ಶುರು ಮಾಡಲಿ ಎಂದು ನಾನು ಲೋಟ ತಿರುಗಿಸುತ್ತ ಕೂತಿದ್ದೆ. ಅವಳು ಎದ್ದು, ಗೋಡೆಯ ಮೇರಿಯಮ್ಮನ ಪಟದ ಮುಂದೆ ಹೋಗಿ, ತಟ್ಟೆಯಲ್ಲಿದ್ದ ಮೇಣದಬತ್ತಿ ಹಚ್ಚಿದಳು. ದಿನಾ ಸಂಜೆ ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಮಾತ್ರ ಹಚ್ಚುತ್ತೇನೆ, ಬೇಗ ಮುಗಿಯಬಾರದಲ್ಲ ಎಂದಳು.

ಹಳದಿ ಮೇಣ. ಗಿಡ್ಡ ತುಂಡು.

"ಅದು ಚರ್ಚಿಂದಾ?" ಎಂದು ಕೇಳಿದೆ.

"ಅವರದ್ದು ಅಕ್ಕಾ."

ಅವಳ ಪ್ರಾರ್ಥನೆ ಮುಗಿಯುವವರೆಗೆ ಕಾದೆ. ಅವಳು ಆರಿಸಿದ ಮೇಲೆ ತಟ್ಟೆಯಿಂದ ತುಂಡನ್ನು ಎತ್ತಿ ತಿರುಗಿಸಿದೆ. ಅಡಿ ಸಮವಾಗಿ ಕೊಯ್ದಿತ್ತು. ಕೂದಲೆಳೆಯಂಥ ಒಂದು ಗೆರೆ ಒಳಕ್ಕೆ ಇಳಿದಿತ್ತು. ಕೈಗವಸಿನಿಂದ ನಾರ್ಬರ್ಟ್ ಕೊಟ್ಟ ತುಂಡು ತೆಗೆದು ಮುಖಕ್ಕೆ ಮುಖ ಸೇರಿಸಿದೆ. ಏಣು ಗೆರೆಯೊಳಗೆ ಕೂತಿತು. ಒಂದೇ ಮೇಣದಬತ್ತಿಯಾಯಿತು.

ಮೊಯೀಸ್ ಊರಿಗೆ ಬಂದಿದ್ದಾನೆ ಎಂದೇ ನಾನು ತಿಳಿದದ್ದು. ಎಲ್ಲೋ ಹತ್ತಿರದಲ್ಲಿದ್ದಾನೆ, ಹೆಂಡತಿಯನ್ನು ನೋಡಿ ಹೋಗಿದ್ದಾನೆ. ಮನಸ್ಸು ಒಂದು ಕ್ಷಣ ಹಾರಿತು. ಯಾವಾಗ ಬಂದಿದ್ದ, ಹೇಳು ಅಡೆಲ್, ನಾನು ಯಾರಿಗೂ ಹೇಳುವುದಿಲ್ಲ ಎಂದೆ.

ಅವಳು ಅರ್ಥವಾಗದೆ ನೋಡಿದಳು.

"ಯಾರೂ ಬಂದಿಲ್ಲ ಅಕ್ಕಾ. ಇದು ನಾರ್ಬರ್ಟ್ ಕೋಟಲ್ಲಿ ಸಿಕ್ಕಿದ್ದು."

ಅವಳು ಕಪಾಟಿನಿಂದ ಕರ್ಚೀಫೊಂದನ್ನು ತಂದು ಮೇಜಿನ ಮೇಲೆ ಬಿಡಿಸಿದಳು. ಅಂಚಿಗೆ ನೀಲಿ ದಾರದ ಕಸೂತಿ, ಅವಳದೇ ಕೈ. ಅದರೊಳಗೆ ಒಣಹುಲ್ಲಿನ ಬಣ್ಣದ ತಂತಿಯ ಬಿಲ್ಲೆಗಳು, ಮೇಣದಲ್ಲಿ ಅದ್ದಿದ ಕಡ್ಡಿಗಳು, ಬೂಚಿಗೆ ಚುಚ್ಚಿದ ಗಾಳಗಳು. ನಾರ್ಬರ್ಟ್ ಬಂದ ದಿನ ಅವನ ಕೋಟು ಹೊಲಿಯಲು ತೆಗೆದುಕೊಂಡಳಂತೆ. ಜೇಬು ಹರಿದು ಇದು ಅಸ್ತರಿಯೊಳಗೆ ಇಳಿದುಹೋಗಿತ್ತಂತೆ. ಗಂಡನ ಕರ್ಚೀಫು, ಗಂಡ ತರುತ್ತಿದ್ದ ಚರ್ಚಿನ ಮೇಣ. ಕೇಳಿದರೆ ವಾಪಸ್ ಕೊಡಬೇಕಾಗುತ್ತದೆಂದು ಕೇಳದೆ ಇಟ್ಟುಕೊಂಡಳು. ಅವನು ಕೋಟು ತೆಗೆದುಕೊಂಡು ಹೋದವನು ಈ ಕಡೆ ಬಂದೇ ಇಲ್ಲವಂತೆ.

"ಗಂಟು ಬಿಚ್ಚೇ ಇರ್ಲಿಲ್ಲ ಅಕ್ಕಾ. ನಾನೇ ಬಿಚ್ಚಿದ್ದು."

ಉಳಿಯುವವನಿಗೆ ಡಬ್ಬಿ, ಹೋಗುವವನಿಗೆ ಗಂಟು. ಗಂಟು ಇಲ್ಲಿದೆ.

ನನ್ನ ಕಣ್ಣ ಮುಂದೆ ಆ ಕೋಟು ಬಂತು. ಅಸ್ತರಿ ಬಿಚ್ಚಿದ್ದು ನಾಯಿಯಲ್ಲ. ಅವನು ಹುಡುಕಿದ್ದಾನೆ. ಗಂಟು ಕಾಡಿನಲ್ಲಿ ಬಿತ್ತೋ, ಅಡೆಲ್ ಕೈಗೆ ಸಿಕ್ಕಿತೋ ಎಂದು ಗೊತ್ತಾಗದೆ ಇಷ್ಟು ದಿನ ಒದ್ದಾಡಿದ್ದಾನೆ. ಆಮೇಲೆ ನಾನು ಹೋಗಿ ಕೂತೆ, ತಂತಿ ಹಿಡಿದೆ, ಕೋಕುಮ್‌ಳನ್ನು ನೆನೆದು ಕರಗಿದೆ. ನನ್ನನ್ನು ಕರಗಿಸುವುದಕ್ಕೆ ಏನು ಬೇಕೆಂದು ಈ ಭೂಮಿಯ ಮೇಲೆ ಗೊತ್ತಿರುವವರು ಇಬ್ಬರೇ. ಅವರಲ್ಲಿ ಒಬ್ಬ ಅರ್ಧ ಮೇಣದಬತ್ತಿಯನ್ನು ನನ್ನ ಅಂಗೈಗಿಟ್ಟಿದ್ದ.

ಅಡೆಲ್ ನನ್ನ ಮುಖ ಓದುತ್ತಿದ್ದಳು. ಅವಳೂ ಈ ಊರಿನಲ್ಲೇ ಬೆಳೆದವಳು, ಪಾಲು ಮಾಡುವುದು ಅವಳಿಗೂ ಗೊತ್ತು. ಬಹಳ ನಿಧಾನವಾಗಿ ಅವಳ ಕೈ ಮೇಜಿನ ಅಂಚನ್ನು ಹಿಡಿಯಿತು.

"ಅವರ ಪಾಲು ಇಲ್ಲಿದ್ರೆ, ಅವರ ಹತ್ರ ಈಗ ಏನಿದೆ ಅಕ್ಕಾ?"

ಅಷ್ಟರಲ್ಲಿ ಹೊರಗೆ ನಾಯಿಗಳು ಒಂದು ಸಲ ಬೊಗಳಿ ಸುಮ್ಮನಾದವು, ಗುರುತಿನವರು ಬಂದಾಗ ಮಾಡುವ ಹಾಗೆ. ನಾನು ಎರಡೂ ತುಂಡುಗಳನ್ನು ಕೈಗವಸಿನೊಳಗೆ ಹಾಕಿಕೊಂಡೆ. ಅಡೆಲ್ ಕರ್ಚೀಫಿನ ಮೇಲೆ ಹಿಟ್ಟಿನ ಬಟ್ಟಲು ಬೋರಲು ಹಾಕಿದಳು.

ನಮ್ಮಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ನಾರ್ಬರ್ಟ್ ಬೂಟಿನ ಹಿಮ ಕೊಡವಿ ಒಳಗೆ ಬಂದ. ಹೊಸದಾಗಿ ತುಂಬಿಸಿದ ಡಬ್ಬಿ ಅವನ ಕೈಯಲ್ಲಿತ್ತು. ಅಕ್ಕ ಮರೆತು ಬಂದಿದ್ದಳು, ಕೊಟ್ಟು ಹೋಗೋಣ ಅಂತ ಬಂದೆ ಎಂದ.

ಹಾಗೆಂದವನು ನನ್ನ ಕಡೆ ನೋಡಲಿಲ್ಲ. ಮೇರಿಯಮ್ಮನ ಮುಂದಿದ್ದ ಖಾಲಿ ತಟ್ಟೆಯನ್ನೇ ನೋಡುತ್ತ, ಹಿಂದೆ ಕೈ ಚಾಚಿ ಬಾಗಿಲಿನ ಚಿಲಕ ಹಾಕಿದ.